ಬೇಸಿಗೆಯಲ್ಲೂ ಬತ್ತದ ಕಾಲುವೆ

ಮಳೆ ಬಿದ್ದು ವಾರಗಳೇ ಕಳೆದಿರುವ ಮಾರ್ಚ್–ಏಪ್ರಿಲ್ ದಿನಗಳಲ್ಲಿ ದಕ್ಷಿಣ ಬೆಂಗಳೂರಿನ ಇಟ್ಟಮಡುವಿನ ಮನೆಗಳ ಹಿಂದೆ ಹಾದುಹೋಗುವ ಕಾಲುವೆಯನ್ನು ಒಮ್ಮೆ ಬಗ್ಗಿ ನೋಡಬೇಕು. ಅಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಬೆಳಗಿನ ಜಾವ ಸಣ್ಣ ಎಳೆಯಷ್ಟಿದ್ದದ್ದು, ಮನೆಮನೆಗಳಲ್ಲಿ ಸ್ನಾನ, ಪಾತ್ರೆ, ಬಟ್ಟೆ ಒಗೆಯುವ ಹೊತ್ತಿಗೆ ಮೊಣಕಾಲುದ್ದ ಏರುತ್ತದೆ. ಮಧ್ಯಾಹ್ನ ಇಳಿದು ಸಂಜೆ ಮತ್ತೆ ಏರುತ್ತದೆ. ಬಣ್ಣ ಬೂದಿ, ಅಂಚಿನಲ್ಲಿ ಕಪ್ಪು ಕೆಸರು, ತಿರುವಿನಲ್ಲಿ ಸೋಪಿನ ನೊರೆ. ಕಾಲುವೆಯ ಗೋಡೆಯಿಂದ ಅಲ್ಲಲ್ಲಿ ನಾಲ್ಕಿಂಚಿನ ಪಿವಿಸಿ ಪೈಪುಗಳು ಮೂತಿ ಹೊರಹಾಕಿರುತ್ತವೆ. ರಾಜಕಾಲುವೆ ಕಟ್ಟಿದ್ದು ಮಳೆನೀರಿಗೆ. ಮಳೆಯಿಲ್ಲದ ದಿನ ಅದು ಒಣಗಿರಬೇಕು. ಒಣಗಿಲ್ಲವೆಂದರೆ ಅದರಲ್ಲಿ ಹರಿಯುತ್ತಿರುವುದು ನಮ್ಮ ಕೊಳಚೆ. ಇದನ್ನು ಪತ್ತೆ ಮಾಡಲು ಪ್ರಯೋಗಾಲಯ ಬೇಕಿಲ್ಲ.

ಜಲಮಾಲಿನ್ಯ ಎಂದೊಡನೆ ಕಾರ್ಖಾನೆಯ ಬಣ್ಣದ ನೀರು, ಆಸಿಡ್, ಸತ್ತು ತೇಲುವ ಮೀನು ಕಣ್ಣಮುಂದೆ ಬರುತ್ತವೆ. ಶಾಲೆಯ ಪ್ರಬಂಧಗಳಲ್ಲಿ ಮಕ್ಕಳು ಬರೆಯುವುದೂ ಅದನ್ನೇ. ಕಾರ್ಖಾನೆಗಳ ಪಾಲು ಸುಳ್ಳಲ್ಲ, ಅದರ ಮಾತು ಮುಂದೆ ಬರುತ್ತದೆ. ಆದರೆ ದಕ್ಷಿಣ ಬೆಂಗಳೂರಿನ ನೀರು ಕೆಟ್ಟಿರುವುದಕ್ಕೆ ಮುಖ್ಯ ಕಾರಣ ಮನೆಯೊಳಗಿನದು: ಕಕ್ಕಸಿನ, ಬಚ್ಚಲಿನ, ಅಡುಗೆಮನೆಯ ನೀರು. ಈ ಒಂದು ಸಂಗತಿಯನ್ನು ಒಪ್ಪಿಕೊಳ್ಳದೆ ಪರಿಹಾರದ ಮಾತಾಡಿ ಫಲವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಸರಳವಾಗಿದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಎಂಜಿನಿಯರುಗಳು ಇಟ್ಟುಕೊಂಡಿರುವ ಮಾನದಂಡ. ಅದರಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ. ನಾಲ್ಕು ಜನರ ಮನೆಯೊಂದರಿಂದ ದಿನಕ್ಕೆ 430 ಲೀಟರ್ ಅಂತಿಟ್ಟುಕೊಳ್ಳಿ. ಇಟ್ಟಮಡು, ಚಿಕ್ಕಲ್ಲಸಂದ್ರ, ಕತ್ರಿಗುಪ್ಪೆ, ಪದ್ಮನಾಭನಗರ, ಹೊಸಕೆರೆಹಳ್ಳಿಗಳ ಸಾವಿರಾರು ಮನೆಗಳಿಂದ ಅದನ್ನು ಗುಣಿಸಿ. ಈ ಮನೆಗಳಲ್ಲಿ ಒಂದು ಭಾಗದ ಪೈಪು ಒಳಚರಂಡಿಗೆ ಸೇರದೆ ಕಾಲುವೆಗೆ ಸೇರಿದರೂ ಸಾಕು, ವರ್ಷವಿಡೀ ಹರಿಯುವ ಒಂದು ತೊರೆ ಹುಟ್ಟುತ್ತದೆ.

ಈ ತೊರೆ ಎಲ್ಲಿಗೆ ಹೋಗುತ್ತದೆ? ಬೆಂಗಳೂರು ದಿಬ್ಬದ ಮೇಲಿನ ಊರು. ಪೂರ್ವಕ್ಕೂ ಉತ್ತರಕ್ಕೂ ಇಳಿದ ನೀರು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋದರೆ, ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯ ಪಾಲು. ನಮ್ಮದು ಪಶ್ಚಿಮದ ಇಳಿಜಾರು. ಇಲ್ಲಿನ ನೀರು ಹೊಸಕೆರೆಹಳ್ಳಿ ಕೆರೆಯ ಕಡೆ ಸರಿದು, ನಾಯಂಡಹಳ್ಳಿಯ ಬಳಿ ವೃಷಭಾವತಿಯನ್ನು ಸೇರುತ್ತದೆ. ಆ ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟಿದವಳು ಎಂದು ನಮ್ಮ ಹಿರಿಯರು ನಂಬಿದ್ದರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹರಿಯುವ ಆ ನದಿಯನ್ನು ಇಂದಿನ ಹುಡುಗರು ಮೋರಿ ಎಂದೇ ತಿಳಿದಿದ್ದಾರೆ. ಕೆಂಗೇರಿ ದಾಟಿ, ಬಿಡದಿಯ ಬಳಿಯ ಬೈರಮಂಗಲ ಜಲಾಶಯ ತುಂಬಿ, ಮುಂದೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಅದರ ದಾರಿ.

ಕಾವೇರಿಯ ನೀರನ್ನೇ ನಾವು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, 500 ಮೀಟರಿನಷ್ಟು ಎತ್ತರಕ್ಕೆ ವಿದ್ಯುತ್ತು ಸುರಿದು ಪಂಪು ಮಾಡಿ ತರಿಸಿಕೊಳ್ಳುತ್ತೇವೆ. ಈ ಯೋಜನೆಯ ಮೊದಲ ಹಂತ ಬಂದದ್ದು 1974ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಸೇರಿದ ಮೇಲೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಸಾಮರ್ಥ್ಯ ನಗರಕ್ಕೆ ಬಂತು. ನೀರು ಬಂದದ್ದಕ್ಕೆ ಎಲ್ಲರಿಗೂ ಸಂತೋಷವೇ. ಆದರೆ ಅಷ್ಟೂ ಹರಿದರೆ ಅದೇ ಶೇ 80ರ ಲೆಕ್ಕದಲ್ಲಿ ದಿನಕ್ಕೆ 62 ಕೋಟಿ ಲೀಟರ್ ಹೊಸ ಕೊಳಚೆಯೂ ಬರುತ್ತದೆ. ಶುದ್ಧವಾಗಿ ಮೇಲೇರಿ ಬಂದ ಕಾವೇರಿ ನಮ್ಮ ಪಶ್ಚಿಮದ ಇಳಿಜಾರಿನಲ್ಲಿ ಕಪ್ಪಾಗಿ ಇಳಿದು ಮತ್ತೆ ಕಾವೇರಿಗೇ ಸೇರುತ್ತಾಳೆ. ನಾವು ನೀರೆತ್ತುವ ಜಾಗಕ್ಕಿಂತ ಕೆಳಗೆ ಸೇರುವುದರಿಂದ ನಮ್ಮ ನಲ್ಲಿಗೆ ಅದು ತಿರುಗಿ ಬರುವುದಿಲ್ಲ, ಕೆಳಗಿನವರಿಗೆ ಹೋಗುತ್ತದೆ. ಕರ್ನಾಟಕದಿಂದ ಕಾವೇರಿ, ದಕ್ಷಿಣ ಪಿನಾಕಿನಿಗಳಲ್ಲಿ ಕೊಳಕು ನೀರು ಬರುತ್ತಿದೆ ಎಂದು ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನೀರಿನ ಪ್ರಮಾಣದ ಜಗಳದಲ್ಲಿ ನಮ್ಮ ನ್ಯಾಯ ಎಷ್ಟೇ ಇರಲಿ, ಈ ದೂರಿಗೆ ನಮ್ಮ ಬಳಿ ಉತ್ತರವಿಲ್ಲ.

ಕೊಳಚೆ ಕಾಲುವೆಗೆ ಬಂದದ್ದು ಹೇಗೆ ಎಂದು ಕೇಳಿದರೆ ಊರು ಬೆಳೆದ ಬಗೆಯನ್ನು ನೆನೆಯಬೇಕು. ಇಟ್ಟಮಡು, ಉತ್ತರಹಳ್ಳಿ, ಹೊಸಕೆರೆಹಳ್ಳಿಗಳು ನಗರ ಬಂದು ನುಂಗಿದ ಹಳ್ಳಿಗಳು. ಹೊಲ ಸೈಟಾಯಿತು, ಸೈಟಿನಲ್ಲಿ ಮನೆ ಎದ್ದಿತು, ಆಮೇಲೆ ರಸ್ತೆ, ಅದಾದ ಮೇಲೆ ನೀರು, ಕೊನೆಗೆ ಒಳಚರಂಡಿ. ಒಳಚರಂಡಿ ಬರುವವರೆಗೆ ಮನೆಯವರು ಮಾಡುವುದೇನು? ಹತ್ತಿರದ ತಗ್ಗಿಗೆ ಪೈಪು ಬಿಟ್ಟರು. ಒಳಚರಂಡಿ ಬಂದ ಮೇಲೂ ಆ ಪೈಪನ್ನು ತಿರುಗಿಸಲು ಖರ್ಚು, ಅರ್ಜಿ, ರಸ್ತೆ ಅಗೆತ, ಹಳೆಯದೇ ಉಳಿಯಿತು. ಇನ್ನು ಕೆಲವೆಡೆ ಒಂದಂತಸ್ತಿನ ಮನೆಗಳಿಗೆಂದು ಹಾಕಿದ ಕೊಳವೆಗೆ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳ ಹೊರೆ ಬಿದ್ದಿದೆ. ಮ್ಯಾನ್‌ಹೋಲ್ ಉಕ್ಕಿದಾಗ ಕಟ್ಟಿಕೊಂಡ ಜಾಗವನ್ನು ಬಿಡಿಸುವ ಬದಲು ಪಕ್ಕದ ಮಳೆನೀರು ಚರಂಡಿಗೆ ಒಂದು ಕಂಡಿ ತೆಗೆದುಬಿಟ್ಟರೆ ಆ ಹೊತ್ತಿನ ಗಲಾಟೆ ತಣಿಯುತ್ತದೆ. ತಾತ್ಕಾಲಿಕ ಎಂದು ತೆಗೆದ ಕಂಡಿ ಶಾಶ್ವತವಾಗಿ ಉಳಿಯುತ್ತದೆ.

ಆಡಳಿತದ ಹಂಚಿಕೆಯೂ ಇದಕ್ಕೆ ಇಂಬು ಕೊಟ್ಟಿದೆ. ಒಳಚರಂಡಿ ಜಲಮಂಡಳಿಯದು, ಆ ಸಂಸ್ಥೆ ಹುಟ್ಟಿದ್ದು 1964ರಲ್ಲಿ. ರಾಜಕಾಲುವೆ ಪಾಲಿಕೆಯದು. ನೀರು ಕೆಟ್ಟಿದೆಯೇ ಎಂದು ಅಳೆಯುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕೆರೆಯ ಒಡೆತನ ಕಾಲಕಾಲಕ್ಕೆ ಬೇರೆ ಬೇರೆ ಇಲಾಖೆ, ಪ್ರಾಧಿಕಾರಗಳ ನಡುವೆ ಓಡಾಡಿದೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದವು. ಕೊಳಚೆಗೆ ಈ ಗಡಿಗಳ ಅರಿವಿಲ್ಲ, ಇಳಿಜಾರು ಸಿಕ್ಕ ಕಡೆ ಹೋಗುತ್ತದೆ. ಒಬ್ಬರ ಕೊಳವೆಯಿಂದ ಸೋರಿ ಇನ್ನೊಬ್ಬರ ಕಾಲುವೆಯಲ್ಲಿ ಹರಿದು ಮತ್ತೊಬ್ಬರ ಕೆರೆ ಸೇರುವ ನೀರಿಗೆ ಹೊಣೆಗಾರರನ್ನು ಹುಡುಕುವುದರಲ್ಲೇ ವರ್ಷಗಳು ಹೋಗುತ್ತವೆ.

ಕೆರೆಗೆ ಸೇರಿದ ಮೇಲೆ ನಡೆಯುವುದು ಉಸಿರುಗಟ್ಟುವ ಕ್ರಿಯೆ. ಕೊಳಚೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಎಷ್ಟು ಬೇಕಾದೀತು ಎಂಬುದರ ಅಳತೆಯೇ ಬಿಒಡಿ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಹಸಿ ಕೊಳಚೆಯಲ್ಲಿ 200ರ ಮೇಲೇ ಇರುತ್ತದೆ. ಮೀನಿಗೆ ಬದುಕಲು ಲೀಟರಿಗೆ ಸುಮಾರು 4 ಮಿಲಿಗ್ರಾಂ ಆಮ್ಲಜನಕ ಬೇಕು. ಕೆರೆ ತುಂಬ ಕೊಳಚೆ ನಿಂತಿದ್ದು, ಮೋಡ ಕವಿದ ಹಗಲೊಂದರ ಬಳಿಕ ರಾತ್ರಿ ಮೊದಲ ಮಳೆ ತಳದ ಕೆಸರನ್ನು ಕದಡಿದರೆ ಬೆಳಗಾಗುವಾಗ ಮೀನೆಲ್ಲ ಬೆನ್ನಡಿಯಾಗಿ ತೇಲುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಂಡೆಯಲ್ಲಿ ಊರೇ ನಿಂತು ನೋಡಿದ್ದು ಇಂಥ ಮೀನಿನ ರಾಶಿಯನ್ನು. ಆಮ್ಲಜನಕ ಪೂರ್ತಿ ಮುಗಿದ ಮೇಲೆ ಬೇರೆ ಜಾತಿಯ ಜೀವಿಗಳು ಕೆಲಸ ಹಿಡಿಯುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ವೃಷಭಾವತಿಯ ದಂಡೆಯ ಮನೆಗಳಲ್ಲಿ ದೇವರ ಮನೆಯ ಬೆಳ್ಳಿ ದೀಪ ತೊಳೆದಿಟ್ಟ ಕೆಲವೇ ದಿನಗಳಲ್ಲಿ ಕಪ್ಪಾಗುವುದು, ಫ್ರಿಜ್ಜು, ಎಸಿಗಳ ತಾಮ್ರದ ಸುರುಳಿ ಬೇಗ ತೂತಾಗುವುದು ಈ ಅನಿಲದಿಂದ. ಲೋಹವನ್ನೇ ತಿನ್ನುವ ಗಾಳಿಯನ್ನು ಆ ಮನೆಗಳ ಮಕ್ಕಳು ಉಸಿರಾಡುತ್ತಿದ್ದಾರೆ.

ಬಟ್ಟೆ ಸೋಪಿನ ಫಾಸ್ಫೇಟು, ಮಲಮೂತ್ರದ ಸಾರಜನಕ ಎರಡೂ ಗೊಬ್ಬರಗಳೇ. ಅವು ಸೇರಿದ ಕೆರೆಯಲ್ಲಿ ಕತ್ತೆಕಿವಿ, ಅಂತರಗಂಗೆ ಹಬ್ಬಿ ನೀರಿನ ಮೇಲೆ ಹಸಿರು ಹಾಸು ಮುಚ್ಚುತ್ತದೆ. ಬೆಳಕು ಒಳಗಿಳಿಯದೆ ಕೆರೆ ಇನ್ನಷ್ಟು ಸಾಯುತ್ತದೆ. ಬೆಳ್ಳಂದೂರು ಕೆರೆ ನೊರೆಯುಗುಳಿದ್ದನ್ನೂ, 2015, 2017, 2018ರಲ್ಲಿ ಬೆಂಕಿ ಹತ್ತಿದ್ದನ್ನೂ ಲೋಕವೆಲ್ಲ ನೋಡಿತು; 2018ರ ಜನವರಿಯಲ್ಲಿ ಬೆಂಕಿಯಾರಿಸಲು ಸೇನೆಯ ಯೋಧರು ಬರಬೇಕಾಯಿತು. ನಮ್ಮ ಹೊಸಕೆರೆಹಳ್ಳಿ ಕೆರೆ ಸುದ್ದಿಯಾದದ್ದು ಬೇರೆ ಕಾರಣಕ್ಕೆ. ಸುಮಾರು 59 ಎಕರೆಯ ಈ ಕೆರೆಯ ಅಭಿವೃದ್ಧಿ ಕೆಲಸ ನಡೆದಾಗ ಅಂಗಳದ ನಡುವೆಯೇ ಮಣ್ಣಿನ ರಸ್ತೆ ಎದ್ದಿತೆಂದು ಸುತ್ತಲಿನ ಜನ ಪ್ರತಿಭಟಿಸಿದರು. ಕೆರೆಯನ್ನೂ ಕಾಲುವೆಯನ್ನೂ ಇಕ್ಕಟ್ಟು ಮಾಡಿದರೆ ಏನಾಗುತ್ತದೆಂದು 2020ರ ಅಕ್ಟೋಬರ್ 23ರ ಸಂಜೆ ದತ್ತಾತ್ರೇಯನಗರ, ಹೊಸಕೆರೆಹಳ್ಳಿಯವರು ಕಂಡರು. ಒಂದೇ ಮಳೆಗೆ ರಾಜಕಾಲುವೆ ಉಕ್ಕಿ ಮನೆಗಳಿಗೆ ನುಗ್ಗಿತು. ಬಂದದ್ದು ಬರೀ ಮಳೆನೀರಾಗಿದ್ದರೆ ಒರೆಸಿ ಒಣಗಿಸಬಹುದಿತ್ತು. ಅಕ್ಕಿಮೂಟೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲದರ ಮೇಲೆ ಕೊಳಚೆಯ ಕೆಸರು ಕೂತಿತ್ತು. ಪ್ರವಾಹವೂ ಮಾಲಿನ್ಯವೂ ಬೇರೆ ಬೇರೆ ಸಮಸ್ಯೆ ಎಂದು ಅಂದಿನಿಂದ ಇಲ್ಲಿ ಯಾರೂ ಹೇಳಲಾರರು.

ಇಷ್ಟಾದರೂ ನಾವು ಮೇಲಿನವರು. ಪೂರ್ತಿ ಬೆಲೆ ತೆರುವವರು ಬೈರಮಂಗಲದವರು. 1940ರ ದಶಕದಲ್ಲಿ ಆ ಜಲಾಶಯ ಕಟ್ಟಿದ್ದು ಗದ್ದೆಗಳಿಗೆ ನೀರುಣಿಸಲು. ಇಂದು ಅದರ ತೂಬಿನಿಂದ ಇಳಿಯುವ ನೀರು ನೊರೆ ಕಟ್ಟಿಕೊಂಡೇ ಕಾಲುವೆಗೆ ಬರುತ್ತದೆ. ಭತ್ತ ಹಾಕಿದರೆ ಪೈರು ಎದೆಯೆತ್ತರ ಬೆಳೆಯುತ್ತದೆ, ತೆನೆ ಜೊಳ್ಳು. ಸಾರಜನಕ ಅತಿಯಾದರೆ ಆಗುವುದೇ ಹಾಗೆ. ಹಾಗಾಗಿ ಅಲ್ಲಿನ ರೈತರು ಭತ್ತ ಬಿಟ್ಟು ಬೇಬಿಕಾರ್ನ್‌ಗೆ, ಹಿಪ್ಪುನೇರಳೆಗೆ, ಸೀಮೆಹುಲ್ಲಿಗೆ ಹೊರಳಿದ್ದಾರೆ. ಹುಲ್ಲು ಹಸುವಿಗೆ, ಹಾಲು ನಗರಕ್ಕೆ. ಬಾವಿ, ಬೋರ್‌ವೆಲ್ಲುಗಳ ನೀರು ಕುಡಿಯಲು ಬಾರದಾಗಿದೆ. ಬರಗಾಲದಲ್ಲೂ ಕಾಲುವೆ ತುಂಬಿ ಹರಿಯುವುದರಿಂದ ಆ ರೈತನಿಗೆ ಈ ನೀರನ್ನು ಬಿಡಲೂ ಆಗದು. ಅವನಿಗೆ ನೀರು ಬೇಕು, ವಿಷ ಬೇಡ. ಈ ನ್ಯಾಯವಾದ ಬೇಡಿಕೆಯನ್ನು ನಾವು ದಶಕಗಳಿಂದ ಕೇಳಿಸಿಕೊಂಡಿಲ್ಲ.

ವೃಷಭಾವತಿ ಕಣಿವೆಯಲ್ಲಿ ಕಾರ್ಖಾನೆಯ ಪಾಲೂ ಎದ್ದು ಕಾಣುತ್ತದೆ. ಪೀಣ್ಯದ ಸಣ್ಣ ಕೈಗಾರಿಕೆಗಳಲ್ಲಿ ಲೋಹಕ್ಕೆ ಲೇಪ ಕೊಡುವ ಎಷ್ಟೋ ಘಟಕಗಳಿವೆ. ಅವು ಬಿಡುವ ಕ್ರೋಮಿಯಂ, ನಿಕ್ಕಲ್, ಸತುವನ್ನು ಯಾವ ಸೂಕ್ಷ್ಮಜೀವಿಯೂ ಕರಗಿಸಲಾರದು. ಅವು ಕೆಸರಿನಲ್ಲಿ ಕೂತು ಸೊಪ್ಪಿನ ಬೇರಿಗೆ ಏರುತ್ತವೆ. ಮನೆಯ ಕೊಳಚೆಯನ್ನು ಶುದ್ಧೀಕರಿಸಲು ಕಟ್ಟಿದ ಘಟಕಕ್ಕೆ ಈ ಲೋಹಗಳು ಬಂದರೆ ಅಲ್ಲಿನ ಜೀವಿಗಳೂ ಸಾಯುತ್ತವೆ. ಆದ್ದರಿಂದ ಎರಡನ್ನೂ ಒಂದೇ ಕೊಳವೆಗೆ ಬಿಡುವುದು ಎರಡು ಪಟ್ಟು ತಪ್ಪು. ಕರ್ನಾಟಕಕ್ಕೆ ಈ ಪಾಠ ಹೊಸದೂ ಅಲ್ಲ. 1984ರಲ್ಲಿ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದಾಗ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ವಿರುದ್ಧ ನದಿದಂಡೆಯ ಹಳ್ಳಿಗಳು ಎದ್ದವು, ಎಸ್.ಆರ್. ಹಿರೇಮಠರು ಮುನ್ನಡೆಸಿದ ಸಮಾಜ ಪರಿವರ್ತನ ಸಮುದಾಯ ಆ ಹೋರಾಟವನ್ನು ಮನೆಮಾತು ಮಾಡಿತು. ಕಾರ್ಖಾನೆಗೆ ಒಂದು ಬಾಗಿಲು, ಒಬ್ಬ ಮಾಲೀಕ, ಒಂದು ಪೈಪು ಇರುತ್ತದೆ. ಅದರ ಎದುರು ಧರಣಿ ಕೂರಬಹುದು. ಲಕ್ಷ ಮನೆಗಳ ಲಕ್ಷ ಪೈಪುಗಳ ಎದುರು ಕೂರುವುದು ಕಷ್ಟ. ಈ ಮಾಲಿನ್ಯ ನಮ್ಮ ಊರೊಂದರದೇ ಅಲ್ಲ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ನದಿಗಳ 351 ಮಲಿನ ಭಾಗಗಳನ್ನು ಗುರುತಿಸಿದಾಗ ಅದರಲ್ಲಿ 17 ನಮ್ಮ ರಾಜ್ಯದವು.

ಗಣಪತಿ ಹಬ್ಬದ ಮಾತೂ ಬಂದೇ ಬರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ಕೆರೆಗೆ ಬಿಡಬಾರದೆಂದು 2016ರಲ್ಲೇ ರಾಜ್ಯದಲ್ಲಿ ನಿಷೇಧ ಬಂದಿದೆ. ಯಡಿಯೂರು ಕೆರೆಯ ಕಲ್ಯಾಣಿಯಂಥ ವ್ಯವಸ್ಥೆಯೂ ಇದೆ. ಮಣ್ಣಿನ ಗಣಪ ಒಳ್ಳೆಯದೇ. ಆದರೆ ಒಂದು ದಿನದ ಮೂರ್ತಿಯ ಬಗ್ಗೆ ಆಡುವಷ್ಟು ಮಾತನ್ನು ದಿನನಿತ್ಯದ ಪೈಪಿನ ಬಗ್ಗೆ ಆಡದಿರುವುದು ಸರಿಯಲ್ಲ.

ಕುಡಿಯುವ ನೀರಿನ ಅಪಾಯ ನೇರವಾಗಿ ನಮ್ಮ ಅಡುಗೆಮನೆಯದು. ಕಾವೇರಿ ಕೊಳವೆ ಮತ್ತು ಒಳಚರಂಡಿ ಕೊಳವೆ ಹಳೆಯ ಓಣಿಗಳಲ್ಲಿ ಒಂದಕ್ಕೊಂದು ಹತ್ತಿರವೇ ಹೂತಿರುತ್ತವೆ. ನೀರು ದಿನ ಬಿಟ್ಟು ದಿನ ಬರುತ್ತದೆ. ಬಿಟ್ಟ ಹೊತ್ತಿನಲ್ಲಿ ಕೊಳವೆಯಲ್ಲಿ ಒತ್ತಡವಿರುವುದರಿಂದ ಬಿರುಕಿದ್ದರೂ ಒಳಗಿನದು ಹೊರಗೆ ಸೋರುತ್ತದೆ. ನಿಲ್ಲಿಸಿದಾಗ ಒತ್ತಡ ಇಳಿದು, ಹೊರಗಿನ ತೇವ ಒಳಗೆ ಸೇರುತ್ತದೆ. ಮನೆಯವರು ಮೋಟಾರು ಹಾಕಿ ನೇರ ಎಳೆದರಂತೂ ಕೇಳುವುದೇ ಬೇಡ. ಆ ತೇವ ಒಳಚರಂಡಿಯದಾಗಿದ್ದರೆ ಮರುದಿನ ಮೊದಲ ಐದು ನಿಮಿಷ ಬರುವ ನೀರಿಗೆ ವಾಸನೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಬರುವುದು ಈ ದಾರಿಯಲ್ಲಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲೇ ನಲವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಕಾಲರಾ ಪತ್ತೆಯಾಯಿತು. ಬೋರ್‌ವೆಲ್ ನೀರಿನ ಕಥೆ ಇನ್ನೊಂದು. ಕೊಳಚೆ ನೆಲಕ್ಕಿಂಗಿದಲ್ಲಿ ನೈಟ್ರೇಟ್ ಏರುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಕುಡಿಯಬಾರದೆಂದು ಭಾರತೀಯ ಮಾನಕ ಹೇಳುತ್ತದೆ, ಎಳೆಗೂಸುಗಳಿಗೆ ಅದು ಹೆಚ್ಚು ಅಪಾಯ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಇದನ್ನು ತಾಯಂದಿರಿಗೆ ತಿಳಿಸಿ ಹೇಳಬೇಕು.

ಇನ್ನು ಪರಿಹಾರ. ಕಾನೂನಿನ ಕೊರತೆ ನಮಗಿಲ್ಲ. ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು 1974ರಲ್ಲಿ, ರಾಜ್ಯದ ಮಂಡಳಿ ಸ್ಥಾಪನೆಯಾದದ್ದೂ ಅದೇ ವರ್ಷ. ಬೆಂಗಳೂರಿನ ಕೆರೆಗಳನ್ನು ಒಡೆಯಬಾರದು, ಕೊಳಚೆ ಬಿಡಬಾರದು ಎಂದು ಎನ್. ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ಶುದ್ಧೀಕರಣ ಘಟಕಗಳೂ ಇವೆ. ವೃಷಭಾವತಿ ಕಣಿವೆಯ ಒಂದು ಘಟಕದ ಸಾಮರ್ಥ್ಯವೇ ದಿನಕ್ಕೆ 18 ಕೋಟಿ ಲೀಟರ್. ತೊಂದರೆ ಇರುವುದು ನಡುವಿನ ದಾರಿಯಲ್ಲಿ. ಕಾಲುವೆಯಲ್ಲಿ ಹರಿದುಹೋದ ಕೊಳಚೆ ಘಟಕವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಹೂಳೆತ್ತುವುದು, ಸುತ್ತ ಬೇಲಿ, ನಡಿಗೆ ಪಥ, ಕಾರಂಜಿ ಎಂದು ಕೋಟಿಗಟ್ಟಲೆ ಸುರಿಯುವ ಕೆರೆ ಅಭಿವೃದ್ಧಿ, ಒಳಹರಿವಿನ ಕೊಳಚೆ ತಡೆಯದಿದ್ದರೆ, ನನ್ನ ದೃಷ್ಟಿಯಲ್ಲಿ ದುಂದು. ಮೊದಲ ಹಣ ಬೀದಿಯ ಪೈಪಿಗೆ ಹೋಗಬೇಕು.

ಆಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜಕ್ಕೂರು ಕೆರೆಯಲ್ಲಿ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಜೊಂಡು ಬೆಳೆದ ಜೌಗಿಗೆ, ಆಮೇಲೆ ಕೆರೆಗೆ ಹೋಗುತ್ತದೆ. ಜೊಂಡಿನ ಬೇರು ಉಳಿದ ಸಾರಜನಕ, ರಂಜಕವನ್ನು ಹೀರುತ್ತದೆ. ನಮ್ಮದೇ ದಕ್ಷಿಣದ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಹದಿಮೂರು ಎಕರೆ ಚಿಲ್ಲರೆಯದು. 2010ರಲ್ಲಿ ಅಕ್ಕಪಕ್ಕದವರು ಟ್ರಸ್ಟ್ ಕಟ್ಟಿಕೊಂಡು ಅದನ್ನು ನೋಡಿಕೊಳ್ಳತೊಡಗಿದರು. ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಶುದ್ಧಗೊಳಿಸಿದ ನೀರೇ ಬೇಸಿಗೆಯಲ್ಲಿ ಅದಕ್ಕೆ ಆಸರೆ, ಹಕ್ಕಿಗಳು ಬರುತ್ತವೆ. ಅಲ್ಲೇ ಸಮೀಪದ ಸಾರಕ್ಕಿ ಕೆರೆಯ ಒತ್ತುವರಿ 2015ರ ಏಪ್ರಿಲ್‌ನಲ್ಲಿ ತೆರವಾಯಿತು. ಕೊಳಚೆ ಹುಟ್ಟಿದ ಬಡಾವಣೆಯ ಬಳಿಯಲ್ಲೇ ಸಣ್ಣ ಘಟಕ ಕಟ್ಟಿ, ಆ ನೀರನ್ನು ಪಾರ್ಕಿಗೆ, ಕಟ್ಟಡ ಕೆಲಸಕ್ಕೆ, ಕೆರೆಗೆ ಕೊಡುವುದು ದೂರದ ಒಂದೇ ದೈತ್ಯ ಘಟಕವನ್ನು ನಂಬುವುದಕ್ಕಿಂತ ನಮ್ಮ ಏರಿಳಿತದ ಊರಿಗೆ ಹೊಂದುತ್ತದೆ. ಆದರೆ ಎಚ್ಚರವೂ ಬೇಕು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಸಿದಾಗ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಯಿತು. ಬತ್ತಿದ ಬಾವಿಗಳಲ್ಲಿ ನೀರು ಕಂಡ ಕೋಲಾರದ ರೈತರ ನೆಮ್ಮದಿ ನಿಜ, ಇನ್ನೂ ಒಂದು ಹಂತ ಹೆಚ್ಚು ಶುದ್ಧೀಕರಿಸಿ ಕೊಡಿ ಎಂಬ ಅವರ ಒತ್ತಾಯವೂ ನ್ಯಾಯ. ಕೆಳಗಿನವರಿಗೆ ನೀರು ಕೊಡುವವರು ಅದರ ಪರೀಕ್ಷಾ ವರದಿಯನ್ನು ಆ ಊರಿನ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಬೇಕು.

ಲಂಡನ್ನಿನ ಥೇಮ್ಸ್ ನದಿ 1858ರ ಬೇಸಿಗೆಯಲ್ಲಿ ನಾರಿ ಪಾರ್ಲಿಮೆಂಟಿನ ಕಲಾಪವೇ ಕೆಟ್ಟಿತ್ತು. 1957ರಲ್ಲಿ ಆ ನದಿಯಲ್ಲಿ ಜೀವವಿಲ್ಲ ಎಂದು ವಿಜ್ಞಾನಿಗಳು ಬರೆದರು. ಇಂದು ಅಲ್ಲಿ ಸೀಲ್‌ಗಳು ಈಜುತ್ತವೆ. ಅದು ಕೊಳವೆ, ಘಟಕ, ನಿಯಮಗಳ ಹಿಂದೆ ಪಟ್ಟುಹಿಡಿದು ನಿಂತದ್ದರ ಫಲ.

ಇಟ್ಟಮಡುವಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯ ಪೈಪು ಒಳಚರಂಡಿಗೆ ಸೇರಿದೆಯೋ ಕಾಲುವೆಗೋ ಎಂದು ಪ್ಲಂಬರನ್ನು ಕರೆದು ಒಮ್ಮೆ ನೋಡಿಸಿ. ಕಾಲುವೆಗಿದ್ದರೆ ಜಲಮಂಡಳಿಯ ಉಪವಿಭಾಗದ ಕಚೇರಿಗೆ ಸಂಪರ್ಕಕ್ಕೆ ಅರ್ಜಿ ಕೊಡಿ. ಬೀದಿಯವರೆಲ್ಲ ಸೇರಿ ಕೊಟ್ಟರೆ ರಸ್ತೆ ಒಂದೇ ಸಲ ಅಗೆದರೆ ಸಾಕು, ಖರ್ಚೂ ಹಂಚಿಹೋಗುತ್ತದೆ. ಬಾಡಿಗೆ ಮನೆ ಕಟ್ಟಿಸಿದವರು ಈ ಕೆಲಸಕ್ಕೆ ಮೊದಲು ಮುಂದೆ ಬರಬೇಕು. ಮಳೆಯಿಲ್ಲದ ದಿನ ಕಾಲುವೆ ಹರಿಯುವುದನ್ನು ಕಂಡರೆ ಫೋಟೊ ತೆಗೆದು, ದಿನಾಂಕ ಹಾಕಿ, ಜಲಮಂಡಳಿಗೂ ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದೇ ದೂರನ್ನು ಕಳುಹಿಸಿ, ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸದಂತೆ. ಕೆಲಸ ಮುಗಿಯಿತೋ ಇಲ್ಲವೋ ಎಂಬುದನ್ನು ಮುಂದಿನ ಏಪ್ರಿಲ್‌ನಲ್ಲಿ ಅದೇ ಕಾಲುವೆಗೆ ಹೋಗಿ ನೀವೇ ನೋಡಿ.